ಬಿಸಿಲಲ್ಲಿ ಬಿಚ್ಚಿದ ಕೊಡೆ

ಆ ದಿನ ಬೆಳಿಗ್ಗೆ ಆಕಾಶ ತಿಕ್ಕಿ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗಿತ್ತು. ಹುಡುಕಿದರೂ ಹಿಡಿ ಮೋಡವಿಲ್ಲ. ಎಳೆಬಿಸಿಲು ಬೀದಿಯ ಒಂದು ಬದಿಯ ಗೋಡೆಗಳನ್ನು ಬೆಚ್ಚಗೆ ಮಾಡುತ್ತ ಅಂಗಡಿಯಿಂದ ಅಂಗಡಿಗೆ ನಿಧಾನವಾಗಿ ಇಳಿದು ಬರುತ್ತಿತ್ತು. ಇಂಥ ಬೆಳಗನ್ನು ಕಂಡವರು ಕೊಟ್ಟವನಿಗೆ ಕೈಮುಗಿಯಬೇಕು. ಬೀದಿಯವರೆಲ್ಲ ಮನಸ್ಸಿನಲ್ಲೇ ಮುಗಿದರು, ಒಬ್ಬನ ಹೊರತು. ಕೊಡೆ ಮಾರುವವನಿಗೆ ಶುಭ್ರವಾದ ಆಕಾಶವೆಂದರೆ, ಬಡಿಸುವವರು ತನ್ನೊಬ್ಬನನ್ನು ಬಿಟ್ಟು ಪಂಕ್ತಿಯಲ್ಲಿ ಮುಂದೆ ಹೋದಂತೆ.

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಪೆಟ್ಟಿಗೆಯ ತಳದಲ್ಲಿಟ್ಟ ರೇಷ್ಮೆಯಂತೆ ಅದು ಬಳಕೆಗೆ ಬಾರದೆ ಹಾಗೇ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವನು ಆಗಲಿರಾಯ. ಯಾರು ಏನು ಕೇಳಿದರೂ 'ಆಗಲಿ' ಎನ್ನುವುದು ಅವನ ಹುಟ್ಟುಗುಣ. ಪಕ್ಕದವರು ಬಂದು, "ನಿಮ್ಮ ಅಂಗಡಿ ಮುಂದೆ ನಮ್ಮ ಸ್ಕೂಟರ್ ನಿಲ್ಲಿಸ್ತೀವಿ" ಅಂದರೆ ಆಗಲಿ. "ನಿಮ್ಮ ಅಂಗಡಿ ಒಳಗೇ ನಿಲ್ಲಿಸ್ತೀವಿ" ಅಂದರೂ ಆಗಲಿ. ಇಲ್ಲ ಎನ್ನುವ ಮಾತನ್ನು ದೇವರು ಅವನ ನಾಲಗೆಗೆ ಹಾಕುವುದನ್ನು ಮರೆತಿದ್ದ. ಆ ಕೊರತೆಯನ್ನು ತುಂಬಿಕೊಡಲೆಂದೇ ಅವನಿಗೊಬ್ಬಳು ಹೆಂಡತಿಯನ್ನು ಕೊಟ್ಟಿದ್ದ.

ಅಂಗಡಿ ಅಪ್ಪನದು. ಅಪ್ಪ ಇರುವಷ್ಟು ಕಾಲ ಮಗ ಊರಿನ ಇನ್ನೊಂದು ತುದಿಯಲ್ಲಿ, ಸರಕಿನ ಲಾರಿಗಳನ್ನು ತೂಗುವ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅಪ್ಪ ಮಿತಭಾಷಿ. ಅಂಗಡಿಯ ಮಾತನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟೇ ಮನೆಗೆ ಬರುವವನು. ಹೀಗಾಗಿ ಅಪ್ಪ ತೀರಿಕೊಂಡ ಮೇಲೆ ಅಂಗಡಿಗೆ ಬಂದು ಕೂತ ಆಗಲಿರಾಯನಿಗೆ ಕಪಾಟು ಸಿಕ್ಕಿತು, ಕೊಡೆಗಳು ಸಿಕ್ಕವು, ಬಾಗಿಲ ಮೇಲಿನ ಕಬ್ಬಿಣದ ಕೊಕ್ಕೆಯೂ ಸಿಕ್ಕಿತು. ವ್ಯಾಪಾರದ ಗುಟ್ಟು ಮಾತ್ರ ಸಿಗಲಿಲ್ಲ. ಆ ಕೊಕ್ಕೆ ಯಾತಕ್ಕೆಂದು ಅವನು ಒಮ್ಮೆಯೂ ಯೋಚಿಸಿದವನಲ್ಲ. ಖಾಲಿ ಕೊಕ್ಕೆಯೂ ಎದುರಿನ ಖಾಲಿ ಬೆಂಚೂ ಒಂದನ್ನೊಂದು ನೋಡಿಕೊಂಡು ಎರಡು ಮಳೆಗಾಲ ಕಳೆದಿದ್ದವು.

ಕಾಲ ಬದಲಾಗಿತ್ತು ಎನ್ನುವುದು ನಿಜ. ಮುರಿದ ಕೊಡೆಯನ್ನು ರಿಪೇರಿಗೆ ತರುವವರಿಲ್ಲ, ಎಸೆಯುವವರೇ ಎಲ್ಲ. ಬೇಕಾದವರು ಫೋನಿನಲ್ಲಿ ಬೆರಳು ಒತ್ತಿ ಅಂಗೈಯಗಲದ ಕೊಡೆ ತರಿಸಿಕೊಳ್ಳುತ್ತಾರೆ. ಹೊರಗಿನ ಮಾತಿರಲಿ, ಈ ಬೀದಿಯವರೇ ಒಬ್ಬರೂ ಒಂದು ಕೊಡೆ ಕೊಂಡದ್ದಿಲ್ಲ. ಮಳೆಗಾಲದಲ್ಲಿ ಎಲ್ಲರೂ ಕೊಡೆ ಹಿಡಿದೇ ಓಡಾಡುತ್ತಾರೆ. ಎಲ್ಲಿಂದ ತಂದರೋ, ಆ ಪರಮಾತ್ಮನೇ ಬಲ್ಲ.

ಗಾಯದ ಮೇಲೆ ಬರೆ ಎಂಬಂತೆ, ಪಕ್ಕದ ಮೊಬೈಲ್ ಅಂಗಡಿ ದಿನದಿನಕ್ಕೆ ಉಬ್ಬುತ್ತಿತ್ತು. ನಡುವಿನ ಗೋಡೆ ಒಡೆದು ಈ ಅಂಗಡಿಯನ್ನೂ ಸೇರಿಸಿಕೊಳ್ಳುವ ಆಸೆ ಅದರದು. ಕಟ್ಟಡದ ಮಾಲೀಕರು ಹಿಂದಿನ ವಾರ ಬಂದು, ಬೆಂಚಿನ ಧೂಳು ಒರೆಸಿ ಕೂತು, "ನೋಡಪ್ಪ, ನಡೀದೇ ಇರೋ ಅಂಗಡೀನ ಹಿಡ್ಕೊಂಡು ನೀನೇನು ಮಾಡ್ತೀಯ? ಬಿಟ್ಟುಕೊಡು" ಎಂದಿದ್ದರು. ಆಗಲಿರಾಯ ಬಾಯಿ ತೆರೆದು 'ಆ' ಎನ್ನುವಷ್ಟರಲ್ಲಿ, ಒಳಗೆ ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಡತಿ ಎರಡು ಬೀದಿಗೆ ಕೇಳುವಂತೆ ಕೆಮ್ಮಿದ್ದಳು. ಅವನು ಆ ಅಕ್ಷರವನ್ನು ಹಾಗೇ ಆಕಳಿಕೆ ಮಾಡಿ ಮುಗಿಸಿದ್ದ. "ಸರಿ, ಬುಧವಾರ ಸಂಜೆ ಬರ್ತೀನಿ. ಉತ್ತರ ಹೇಳು" ಎಂದು ಮಾಲೀಕರು ಎದ್ದಿದ್ದರು.

ಇವತ್ತೇ ಆ ಬುಧವಾರ.

"ಸಂಜೆ ಅವರು ಬಂದಾಗ ನಾನು ಹಾಲು ತರೋಕೆ ಹೋಗಿರ್ತೀನಿ. ಕೆಮ್ಮೋಕೆ ನಾನಿರಲ್ಲ" ಎಂದಳು ಹೆಂಡತಿ, ದಾರ ಕಚ್ಚಿ ತುಂಡರಿಸುತ್ತ. "ನಿಮ್ಮ ಉತ್ತರ ನೀವೇ ಹೇಳ್ಬೇಕು."

"ಆಗಲಿ" ಎಂದ ಆಗಲಿರಾಯ.

"ನೋಡಿ, ಶುರುವಾಯ್ತು."

ಅಷ್ಟರಲ್ಲಿ ಬಾಮೈದ ಬಂದ. ಅವನು ಬಂದದ್ದನ್ನು ಸುಮ್ಮನೆ ಬಂದ ಎಂದರೆ ಅವನಿಗೆ ಅನ್ಯಾಯವಾದೀತು. ಅವನು ಮಾರ್ಕೆಟಿಂಗ್ ಕೋರ್ಸು ಮುಗಿಸಿದ ಮೇಲೆ ಎಲ್ಲಿಗೂ ಬರುತ್ತಿರಲಿಲ್ಲ, ಎಂಟ್ರಿ ಕೊಡುತ್ತಿದ್ದ. ಇದುವರೆಗೆ ಒಂದು ಸಾಬೂನಿನ ಕಂಪನಿಗೂ ಒಂದು ಕುರ್ಚಿ ಕಂಪನಿಗೂ ಸ್ಟ್ರಾಟಜಿ ಹೇಳಿಕೊಟ್ಟಿದ್ದ. ಆ ಎರಡು ಕಂಪನಿಗಳೂ ಈಗ ಇಲ್ಲ. "ಮಾರ್ಕೆಟ್ ಅವರನ್ನ ಅರ್ಥ ಮಾಡ್ಕೊಳ್ಳಲಿಲ್ಲ" ಎನ್ನುವುದು ಅವನ ವಿವರಣೆ.

"ಭಾವ," ಎಂದು ಅವನು ಅಂಗಡಿಯ ನಡುವೆ ನಿಂತು ಸುತ್ತಲೂ ಕಣ್ಣಾಡಿಸಿದ. "ನೀವು ಛತ್ರಿ ಮಾರ್ತಿದ್ದೀರ ಅಂದ್ಕೊಂಡಿದ್ದೀರ. ಇಲ್ಲ. ನೀವು ಛತ್ರಿ ಬಚ್ಚಿಡ್ತಿದ್ದೀರ."

"ಹೌದಾ?"

"ಎಲ್ಲಾ ಕಪಾಟಿನೊಳಗೆ! ಹೊರಗಿಂದ ನೋಡಿದವರಿಗೆ ಇದು ಛತ್ರಿ ಅಂಗಡಿನೋ, ಬೀಗ ಹಾಕೋದು ಮರೆತ ಮನೆನೋ ಗೊತ್ತಾಗ್ಬೇಕಲ್ಲ? ವಿಸಿಬಿಲಿಟಿ ಭಾವ, ವಿಸಿಬಿಲಿಟಿ. ಕಣ್ಣಿಗೆ ಬೀಳದೇ ಇರೋದು ಕೈಗೆ ಬೀಳಲ್ಲ. ಮಾರ್ಕೆಟ್ ಬದಲಾದಾಗ ಕಂಪನಿ ಮೊದಲು ಬಾಗಿಲಿಗೆ ಬರಬೇಕು." ಅವನ ದೃಷ್ಟಿ ಮೇಲೇರಿ ಕೊಕ್ಕೆಯ ಮೇಲೆ ನಿಂತಿತು. "ಅಗೋ! ದೇವರೇ ಜಾಗ ಮಾಡಿಟ್ಟಿದ್ದಾನೆ. ಇರೋದ್ರಲ್ಲೇ ದೊಡ್ಡ ಕರೀ ಛತ್ರಿ ಬಿಚ್ಚಿ ಅಲ್ಲಿ ನೇತುಹಾಕಿ. ಆಮೇಲೆ ಬೀದಿ ಏನು ಮಾಡುತ್ತೆ ನೋಡಿ."

"ಇಷ್ಟು ಬಿಸಿಲಲ್ಲಾ?" ಎಂದಳು ಅಕ್ಕ ಒಳಗಿನಿಂದ.

"ಬಿಸಿಲಲ್ಲೇ ಅಕ್ಕ. ಮಳೇಲಿ ಛತ್ರಿ ಯಾರು ಬೇಕಾದ್ರೂ ಮಾರ್ತಾರೆ. ಬಿಸಿಲಲ್ಲಿ ಮಾರೋನು ಲೀಡರ್."

"ಮನೇಲಿ ಒಂದು ಛತ್ರಿ ಹುಟ್ಟಿದ್ದು ಸಾಲದು ಅಂತ ಛತ್ರಿ ಅಂಗಡಿಗೇ ನನ್ನ ಕೊಟ್ರು" ಎಂದು ಅವಳು ಮಿಷನ್ ತುಳಿಯತೊಡಗಿದಳು.

"ಆಗಲಿ" ಎಂದ ಆಗಲಿರಾಯ. ಸ್ಟೂಲು ಹತ್ತಿ ಕೊಡೆ ನೇತುಹಾಕಿದ. ಕರಿಯ ಬಟ್ಟೆ ಗಾಳಿಗೆ ಒಮ್ಮೆ ಉಬ್ಬಿ, ಕೊಕ್ಕೆಯಲ್ಲಿ ಸ್ವಲ್ಪ ತಿರುಗಿ, ಬೀದಿಯ ಕಡೆ ಮುಖ ಮಾಡಿ ನಿಂತಿತು.

ಎದುರಿಗೆ ಲಾಂಡ್ರಿ. ಲಾಂಡ್ರಿಯವನು ತಾರಸಿಯ ಮೇಲೆ ಆಸ್ಪತ್ರೆಯ ಬಿಳಿ ಹಾಸುಗಳನ್ನು ಸಾಲಾಗಿ ಒಣಹಾಕುತ್ತಿದ್ದ. ತಲೆಯೆತ್ತಿದವನು ಕೊಡೆ ನೋಡಿದ. ಆಕಾಶ ನೋಡಿದ. ಮತ್ತೆ ಕೊಡೆ ನೋಡಿದ. ಬಾಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಆಮೇಲೆ ಯಾರೋ ಅಟ್ಟಿಸಿಕೊಂಡು ಬಂದಂತೆ ಒದ್ದೆ ಹಾಸುಗಳನ್ನೆಲ್ಲ ಬಾಚಿ ತಬ್ಬಿಕೊಂಡು ಕೆಳಗಿಳಿದು ಓಡಿಬಂದ.

"ಅಣ್ಣಾ," ಎಂದ, ಏದುಸಿರು ಬಿಡುತ್ತ. ಧ್ವನಿಯಲ್ಲಿ ಹಿಂದೆಂದೂ ಇಲ್ಲದ ಭಕ್ತಿ. "ಕೊನೆಗೂ ಹಾಕಿದ್ರಲ್ಲ! ಎಷ್ಟೊತ್ತಿನ ತನಕ?"

ಅಂಗಡಿ ತೆರೆದಿರುವ ಹೊತ್ತನ್ನು ಗಿರಾಕಿಯೊಬ್ಬ ಕೇಳಿದ್ದು ಆಗಲಿರಾಯನ ಅನುಭವದಲ್ಲಿ ಇದೇ ಮೊದಲು. ಅವನು ಎದ್ದು ನಿಂತು ಹೇಳಿದ, "ಸಂಜೆ ತನಕ ಇರುತ್ತೆ. ಮಧ್ಯೆ ನಿಲ್ಲಿಸೋದಿಲ್ಲ."

"ಅಯ್ಯೋ ದೇವರೇ. ದೊಡ್ಡದಾ, ಚಿಕ್ಕದಾ?"

"ಈಗ ಬಂದಿರೋದು ಚಿಕ್ಕವು. ದೊಡ್ಡವು ಮಧ್ಯಾಹ್ನದ ಮೇಲೆ ಬರುತ್ತೆ. ಗೋಡೌನಲ್ಲಿದೆ."

ಲಾಂಡ್ರಿಯವನಿಗೆ ಗೋಡೌನಿನ ಮಾತು ಕೇಳಿಸಲೇ ಇಲ್ಲ. ಅವನು ಆಗಲೇ ಬೀದಿಯ ನಡುವೆ ಇದ್ದ. "ಚಿಕ್ಕದು ಈಗ, ದೊಡ್ಡದು ಮಧ್ಯಾಹ್ನದ ಮೇಲೆ!" ಎಂದು ಅವನು ಕೂಗಿಕೊಂಡು ಹೋದದ್ದನ್ನು ಕೇಳಿ ಬಾಮೈದ ತೊಡೆ ತಟ್ಟಿದ.

"ನೋಡಿದ್ರಾ ಭಾವ? ಒಂದೇ ಛತ್ರಿಗೆ ಬಾಯಿಂದ ಬಾಯಿಗೆ ಪ್ರಚಾರ! ಇದಕ್ಕೆ ದೊಡ್ಡ ದೊಡ್ಡ ಕಂಪನಿಗಳು ತಪಸ್ಸು ಮಾಡ್ತಾವೆ."

ಪ್ರಚಾರ ಆದದ್ದು ಸುಳ್ಳಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಈ ಬೀದಿಯಲ್ಲಿ ಒಂದು ಕೈ ಹೆಚ್ಚೇ ಇದ್ದರು. ಮೂಲೆಯಲ್ಲಿ ಮನೆ ಕಟ್ಟಿಸುತ್ತಿದ್ದ ಮೇಸ್ತ್ರಿ ಆಗಷ್ಟೇ ಹಾಕಿದ ಕಾಂಕ್ರೀಟಿಗೆ ಟಾರ್ಪಾಲು ಹೊದಿಸಿದ. ಕೈಗಾಡಿಯವರು ಗಾಡಿ ತಿರುಗಿಸಿದರು. ಮಹಡಿಯ ಮೇಲಿನ ಅಜ್ಜಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ, ಕೊನೆಯ ಕಿಟಕಿಯಿಂದ ಕೈ ಹೊರಗೆ ಚಾಚಿ ಹನಿ ಬಿತ್ತೇ ಎಂದು ನೋಡಿ, ಅದನ್ನೂ ಮುಚ್ಚಿದಳು. ಹೊತ್ತೇರುವ ಮೊದಲೇ ಬೀದಿ, ಪರೀಕ್ಷೆಯ ದಿನದ ಶಾಲೆಯ ಅಂಗಳದಂತೆ ನಿಶ್ಶಬ್ದವಾಯಿತು.

ಅಂಗಡಿಯ ಮುಂದೆ ಒಂದು ನಾಯಿ ಮಾತ್ರ ಉಳಿಯಿತು. ಅದು ಕೊಡೆಯ ನೆರಳಿನಲ್ಲಿ ಮಲಗಿತು.

"ಗಿರಾಕಿ ಬರ್ತಿಲ್ವಲ್ಲೋ" ಎಂದ ಆಗಲಿರಾಯ, ಮೆತ್ತಗೆ.

ಬಾಮೈದ ಗಲ್ಲ ಕೆರೆದುಕೊಂಡ. ಬೀದಿ ಖಾಲಿಯಾದದ್ದು ಅವನ ಲೆಕ್ಕದಲ್ಲಿರಲಿಲ್ಲ. ಆದರೆ ಓದಿದವನಿಗೆ ಸೋಲೂ ಒಂದು ಸೂಚನೆಯೇ. "ಡೋಸು ಸಾಲಲಿಲ್ಲ ಭಾವ. ಒಂದು ಛತ್ರಿ ಅಂದ್ರೆ ಪಿಸುಮಾತು. ನಾವು ಕೂಗ್ಬೇಕು. ಗೋಡೌನಲ್ಲಿರೋದೆಲ್ಲ ತನ್ನಿ. ನಮ್ಮ ಬಾಗಿಲಿಂದ ಆ ದೀಪದ ಕಂಬದ ತನಕ ಹಗ್ಗ ಕಟ್ಟೋಣ. ಕೆಂಪು, ಹಸಿರು, ಹಳದಿ, ಹೂವಿಂದು, ಪಟ್ಟೆದು, ಎಲ್ಲಾ ಬಿಚ್ಚಿ!"

"ಆಗಲಿ."

"ಸ್ವಲ್ಪ ಯೋಚ್ನೆ ಮಾಡಿ ಆಗಲಿ ಅನ್ನಬಾರದಾ?" ಎಂದಳು ಹೆಂಡತಿ.

ಅವನು ಸ್ವಲ್ಪ ಯೋಚನೆ ಮಾಡಿದ. "ಆಗಲಿ" ಎಂದ.

ಹಗ್ಗ ಏರಿತು. ಕೊಡೆಗಳು ಒಂದರ ಪಕ್ಕ ಒಂದು ಬಿಚ್ಚಿಕೊಂಡು ಬೀದಿಗೆ ಅಡ್ಡಲಾಗಿ ತೂಗಿದವು. ನೋಡಲು ನಿಜಕ್ಕೂ ಚೆಂದವಿತ್ತು. ಆದರೆ ಮುಚ್ಚಿದ ಕಿಟಕಿಗಳ ಸಂದಿಯಿಂದ ನೋಡುತ್ತಿದ್ದವರಿಗೆ ಕಂಡದ್ದು ಚೆಂದವಲ್ಲ. ಒಂದು ಕರಿಯ ಕೊಡೆ ತೂಗಿದ ದಿನವೇ ಈ ಬೀದಿಯಲ್ಲಿ ಮೊಣಕಾಲು ಮಟ್ಟದ ನೀರು ನಿಂತದ್ದನ್ನು ಕಂಡವರು ಅವರು. ಇಷ್ಟು ಕೊಡೆ ತೂಗಿದರೆ? ಕೆಳಮನೆಯವರು ಹಾಸಿಗೆ ಸುತ್ತಿ ಮೇಲ್ಮನೆಗೆ ಸಾಗಿಸತೊಡಗಿದರು. ದವಸದ ಡಬ್ಬಗಳು ಅಟ್ಟ ಏರಿದವು. ಮೊಬೈಲ್ ಅಂಗಡಿಯವನು ಕೂಡ, ಅಂಗೈಯಲ್ಲೇ ಹವಾಮಾನ ನೋಡುವವನು, ಫೋನು ಒಣಹವೆ ಎಂದು ತೋರಿಸುತ್ತಿದ್ದರೂ ಅದನ್ನು ಜೇಬಿಗೆ ಹಾಕಿ ಅರ್ಧ ಷಟರ್ ಎಳೆದ.

ಶಾಲೆಯ ಹೆಡ್ ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೂ ಬಾರದ ನೀರಿನಲ್ಲಿ ನಡೆಯುವವರಂತೆ ಹೆಜ್ಜೆಯಿಡುತ್ತ ಬಂದರು.

"ನೀವು ಅವರ ಮಗ ತಾನೆ? ನೇರವಾಗಿ ಹೇಳಿಬಿಡಿ. ಮಕ್ಕಳ ವಿಷಯ ಏನು?"

ಆಗಲಿರಾಯ ಸಂತೋಷದಿಂದ ಬೆರಳು ಮಡಚಿ ಎಣಿಸತೊಡಗಿದ. ಇಡೀ ಶಾಲೆಗೆ ಕೊಡೆ! ಬಾಮೈದನೇ ಮುಂದೆ ಬಂದು ಹೇಳಿದ, "ಮಕ್ಕಳೇ ಮೊದಲು ಮೇಡಂ. ಅದು ನಮ್ಮ ಪಾಲಿಸಿ. ಆದಷ್ಟು ಬೇಗ ಆದ್ರೆ ಒಳ್ಳೇದು. ತಡ ಮಾಡಿದ್ರೆ ಆಮೇಲೆ ನಮ್ಮ ಕೈಲಿ ಇರಲ್ಲ."

ಮೇಡಂ ಎದೆ ಮುಟ್ಟಿಕೊಂಡರು. "ಇಷ್ಟು ನೇರವಾಗಿ ಹೇಳೋರು ಈ ಕಾಲದಲ್ಲಿ ಯಾರಿದ್ದಾರೆ" ಎಂದು ಕಣ್ಣೊರೆಸಿಕೊಂಡು ತಿರುಗಿದರು. ಸ್ವಲ್ಪ ಹೊತ್ತಿಗೆ ಶಾಲೆಯ ಗಂಟೆ ಬಿಡುವಿಲ್ಲದೆ ಮೊಳಗಿತು. ಮಕ್ಕಳು ಕುಣಿಯುತ್ತ ಮನೆ ಸೇರಿದರು. ಆ ದಿನದ ವ್ಯವಹಾರದಲ್ಲಿ ನಷ್ಟವಿಲ್ಲದೆ ಲಾಭ ಪಡೆದವರು ಅವರೇ.

ಶಾಲೆ ಬಿಟ್ಟ ಮೇಲೆ ಸರ್ಕಾರಕ್ಕೆ ಸುಮ್ಮನಿರಲು ಬರುವುದಿಲ್ಲ. ನಗರಸಭೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿಳಿದರು. ಅವರ ಕೈಯಲ್ಲಿ ಹವಾಮಾನ ಇಲಾಖೆಯ ಕಾಗದವಿತ್ತು, ಮಳೆಯ ಸಂಭವ ಇಲ್ಲವೆಂದು. ಅವರ ತಾಯಿಯ ಮನೆ ಇದೇ ಬೀದಿಯಲ್ಲಿತ್ತು. ತಾಯಿ ಫೋನು ಮಾಡಿ, "ನಿನ್ನ ಇಲಾಖೆ ಹಾಳಾಗ್ಲಿ, ಕೊಡೆ ಹಾಕಿದ್ದಾರೆ, ನನ್ನ ಮೊದಲು ಇಲ್ಲಿಂದ ಕರ್ಕೊಂಡು ಹೋಗು" ಎಂದಿದ್ದರು. ಇಲಾಖೆಗೂ ತಾಯಿಗೂ ನಡುವೆ ಸಿಕ್ಕಿದ ಮನುಷ್ಯನ ಮುಖ ಹೇಗಿರಬೇಕೋ ಹಾಗೇ ಇತ್ತು ಅವರ ಮುಖ.

"ಇದನ್ನೆಲ್ಲ ಯಾರು ಹಾಕಿದ್ದು?"

"ನಾನೇ ಸಾರ್."

"ಯಾರ ಆದೇಶದ ಮೇಲೆ?"

ಆಗಲಿರಾಯ ಬಾಮೈದನನ್ನು ತೋರಿಸಿದ.

"ಯಾವ ಇಲಾಖೆ ನಿಮ್ಮದು?"

"ಮಾರ್ಕೆಟಿಂಗ್" ಎಂದ ಬಾಮೈದ, ಎದೆಯೆತ್ತಿ.

ಅಧಿಕಾರಿಗಳು ಕೈಯಲ್ಲಿದ್ದ ಕಾಗದವನ್ನು ತಿರುವಿ ನೋಡಿದರು. ಅಂಥ ಇಲಾಖೆ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ತಮಗೆ ಗೊತ್ತಿಲ್ಲದ ಇಲಾಖೆಗಳು ಬಹಳ ಇವೆ ಎಂಬುದು ಗೊತ್ತಿತ್ತು. "ಮೇಲಿಂದ ಮಾಹಿತಿ ಇದ್ಯಾ?"

"ಮೇಲಿಂದ ಕೆಳಗಿನ ತನಕ ಪ್ಲಾನ್ ಇದೆ ಸಾರ್. ಇವತ್ತು ಈ ಬೀದಿ. ಮುಂದಿನ ತಿಂಗಳು ಇಡೀ ಊರು ಆವರಿಸ್ಕೋತೀವಿ."

ಅಧಿಕಾರಿಗಳು ಮತ್ತೇನೂ ಕೇಳಲಿಲ್ಲ. ಜೀಪಿನ ಹತ್ತಿರ ಹೋಗಿ ದನಿ ತಗ್ಗಿಸಿ ಯಾರ್ಯಾರಿಗೋ ಫೋನು ಮಾಡಿದರು. ಗುದ್ದಲಿ ಹಿಡಿದವರು ಬಂದರು. ಎಷ್ಟು ಅರ್ಜಿ ಕೊಟ್ಟರೂ ಮುಟ್ಟದ ಚರಂಡಿ ಕಲ್ಲುಗಳನ್ನು ಎತ್ತಿ, ವರ್ಷಗಳ ಹೂಳನ್ನು ದಂಡೆಗೆ ಹಾಕಿದರು. ಭಗವಂತ ಯಾವ ಕೆಲಸವನ್ನು ಯಾರ ಕೈಯಲ್ಲಿ, ಯಾವ ತಪ್ಪಿನಿಂದ ಮಾಡಿಸುತ್ತಾನೋ, ಹೇಳಲಾಗದು.

ಮಧ್ಯಾಹ್ನ ತಿರುಗಿತು. ಸಾಮಾನು ಮೇಲೆ ಸಾಗಿಸಿ ಮುಗಿದ ಮೇಲೆ ಜನಕ್ಕೆ ಮಾಡಲು ಕೆಲಸ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಹೊರಗೆ ಬಂದರು. ಬರುವಾಗ ಅಟ್ಟದಿಂದಲೂ ಬಾಗಿಲ ಹಿಂದಿನಿಂದಲೂ ಹಳೆಯ ಕೊಡೆ ತೆಗೆದು ಬಿಚ್ಚಿ ಹಿಡಿದೇ ಬಂದರು. ಸುಡುಬಿಸಿಲಿನಲ್ಲಿ ಇಡೀ ಬೀದಿ ಕರಿಯ ಕೊಡೆಗಳ ಕೆಳಗೆ ನಿಂತು, ಆಕಾಶಕ್ಕೆ ಮುಖ ಮಾಡಿ ಕಾಯುತ್ತಿತ್ತು.

"ಇದೇ ಹೊತ್ತು. ಸರ್ವೆ ಮಾಡ್ಕೊಂಡು ಬರ್ತೀನಿ" ಎಂದು ಬಾಮೈದ ಆ ಗುಂಪಿನೊಳಗೆ ನುಗ್ಗಿದ. ಯಾವ ಕಂಪನಿಯ ಕೊಡೆ, ಎಲ್ಲಿ ಕೊಂಡದ್ದು ಎಂದು ಒಬ್ಬೊಬ್ಬರನ್ನೂ ಕೇಳಿ ಬಂದವನ ಮುಖದಲ್ಲಿ ಕೋರ್ಸಿನ ಕಳೆ ಇಳಿದುಹೋಗಿತ್ತು.

"ಭಾವ, ನಮ್ಮ ಪ್ರತಿಸ್ಪರ್ಧಿ ಯಾರು ಅಂತ ಗೊತ್ತಾಯ್ತು."

"ಯಾರೋ?"

"ನಿಮ್ಮಪ್ಪ."

ಆಗಲಿರಾಯ ಕಣ್ಣು ಪಿಳಿಪಿಳಿ ಬಿಟ್ಟ.

"ಎಲ್ಲರ ಕೈಲೂ ನಮ್ಮ ಅಂಗಡಿ ಛತ್ರೀನೇ! ಹಿಡಿಗೆ ಕೆಂಪು ದಾರ ಸುತ್ತಿದೆ ನೋಡಿ, ಎಲ್ಲದಕ್ಕೂ ಇದೆ. ಒಬ್ರೂ ಕೊಂಡಿಲ್ಲ. ಮಳೇಲಿ ನೆನೀತಾ ಬಂದೋರಿಗೆಲ್ಲ ನಿಮ್ಮಪ್ಪ ತಗೊಂಡು ಹೋಗಿ ಅಂತ ಕೊಟ್ಟು ಕಳಿಸಿದ್ದಾರೆ. ಒಬ್ರೂ ವಾಪಸ್ ತಂದಿಲ್ಲ. ಮಾರ್ಕೆಟ್ ಬದಲಾಗಿಲ್ಲ ಭಾವ, ಮಾರ್ಕೆಟ್ ತುಂಬಿಹೋಗಿದೆ!"

ಹೆಂಡತಿ ಮಿಷನ್ ನಿಲ್ಲಿಸಿ ಹೊರಗೆ ಬಂದಳು. ಮಾವನವರು ಮನೆಯಲ್ಲಿ ಕೂತು ಕೊಡೆಯ ಹಿಡಿಗಳಿಗೆ ಕೆಂಪು ದಾರ ಸುತ್ತುತ್ತಿದ್ದದ್ದು ಅವಳಿಗೆ ನೆನಪಿತ್ತು. ಅಂದಕ್ಕೆ ಸುತ್ತುತ್ತಾರೆಂದು ತಿಳಿದಿದ್ದಳು.

ಲಾಂಡ್ರಿಯವನು ತಲೆ ತಗ್ಗಿಸಿ ಮುಂದೆ ಬಂದ. ಅವನ ಕೈಯಲ್ಲೂ ಕೆಂಪು ದಾರ. "ತಂದುಕೊಡ್ಬೇಕು ಅಂತಲೇ ಇದ್ವಿ ಅಣ್ಣಾ. ಮಳೆ ನಿಂತ ಮೇಲೆ ಮರೆತುಹೋಗೋದು. ದುಡ್ಡು ಕೊಡ್ತೀನಿ ಅಂದ್ರೆ ಅವರು ತಗೋತಿರಲಿಲ್ಲ. 'ನೆನೀತಾ ಇರೋನಿಗೆ ಛತ್ರಿ ಮಾರೋದು ಪಾಪ ಕಣಯ್ಯ, ಬೇಕಿದ್ರೆ ಬಿಸಿಲಲ್ಲಿ ಬಂದು ಕೊಂಡ್ಕೋ' ಅನ್ನೋರು. ಬಿಸಿಲಲ್ಲಿ ಯಾರು ಬರ್ತಾರೆ?" ಎಂದು ಅವನು ನಿಟ್ಟುಸಿರಿಟ್ಟ. "ಅದಿರಲಿ, ನಿಮ್ಮಪ್ಪ ಹಾಕಿದ್ರೆ ಮಧ್ಯಾಹ್ನದೊಳಗೆ ಸುರಿದೇಬಿಡೋದು. ಇವತ್ತು ಯಾಕಣ್ಣ ಇಷ್ಟು ತಡ?"

"ಏನು ಸುರಿಯೋದು?"

"ಮಳೆ!"

ಆಗಲಿರಾಯ ಲಾಂಡ್ರಿಯವನ ಮುಖ ನೋಡಿದ. ಕೊಕ್ಕೆ ನೋಡಿದ.

"ನಿಮಗೆ ಗೊತ್ತಿಲ್ವಾ?" ಎಂದ ಲಾಂಡ್ರಿಯವನು, ಬೆರಗಾಗಿ. "ಅವರ ಹತ್ರ ಒಂದು ಹಳೇ ಮರದ ದಂಡದ ಛತ್ರಿ ಇತ್ತು. ದಿನಾ ಬೆಳಿಗ್ಗೆ ಅದರ ಉಂಗುರ ಹಿಡ್ದು ಮೇಲೆ ಕೆಳಗೆ ಆಡಿಸೋರು. ಸಲೀಸಾಗಿ ಜಾರಿದ್ರೆ ಮಡಚಿ ಒಳಗಿಡೋರು. ಗಾಳೀಲಿ ನೀರಿನ ಅಂಶ ಇದ್ರೆ ಮರ ಉಬ್ಬುತ್ತೆ, ಉಂಗುರ ಸಿಕ್ಕೊಳ್ಳುತ್ತೆ. ಸಿಕ್ಕೊಂಡ ದಿನ ಹಾಗೇ ಬಿಚ್ಚಿ ಈ ಕೊಕ್ಕೆಗೆ ಹಾಕೋರು. ನಾವೆಲ್ಲ ಅದನ್ನ ನೋಡ್ಕೊಂಡೇ ಬಟ್ಟೆ ಒಣಹಾಕ್ತಿದ್ವಿ. ಕೊನೇ ಮಳೆಗಾಲದಲ್ಲಿ ಅದು ಕಾಣೆಯಾಯ್ತು. ಅವರೂ ಹೋದ್ರು. ಇವತ್ತು ನೀವು ಹಾಕಿದ್ದು ನೋಡಿ, ಮಗನಿಗೂ ಆ ಕೈಗುಣ ಬಂತು ಅಂದ್ಕೊಂಡ್ವಿ."

ಅಷ್ಟರಲ್ಲಿ ಮೇಸ್ತ್ರಿ ಗುಂಪನ್ನು ಸೀಳಿಕೊಂಡು ಬಂದ. "ಅದೆಲ್ಲ ಆಮೇಲೆ ಮಾತಾಡಿ. ನನ್ನ ಆಳುಗಳ ಹತ್ರ ಕೊಡೆ ಇಲ್ಲ ಸ್ವಾಮಿ. ಎಲ್ಲರಿಗೂ ಒಂದೊಂದು ಕೊಡಿ, ಕಾಂಕ್ರೀಟ್ ಮೇಲೆ ಹಿಡಿಯೋಕೆ ದೊಡ್ಡವೂ ಕೊಡಿ. ಹಗ್ಗದ ಮೇಲಿರೋದೆಲ್ಲ ನನಗೇ ಇರಲಿ." ಅವನ ಹಿಂದೆಯೇ ಹೆಡ್ ಮೇಡಂ, "ನಮ್ಮ ಶಾಲೆಗೂ ಬೇಕು" ಎಂದರು. ಅವರ ಹಿಂದೆ ಮೊಬೈಲ್ ಅಂಗಡಿಯವನೂ ನಿಂತಿದ್ದ.

ಬಾಮೈದ ಭಾವನ ತೋಳು ಹಿಡಿದು ಕಿವಿಯಲ್ಲಿ ಹೇಳಿದ, "ಬಾಯಿ ಬಿಡಬೇಡಿ ಭಾವ. ಇದೇ ಬ್ರ್ಯಾಂಡು! ಇಡೀ ಸ್ಟಾಕು ಈಗ್ಲೇ ಖಾಲಿ. ಸಂಜೆ ಮಾಲೀಕರು ಬಂದ್ರೆ ಖಾಲಿ ಕಪಾಟು ತೋರ್ಸಿ, ಅಂಗಡಿ ಹೇಗೆ ನಡೀತಿದೆ ನೋಡಿ ಅನ್ನಿ. ನೀವು ಸುಳ್ಳೇನೂ ಹೇಳ್ಬೇಕಾಗಿಲ್ಲ. ಸುಮ್ನೆ ನಿಂತಿದ್ರೆ ಸಾಕು. ಆಗಲಿ ಅನ್ನಿ!"

ಸುಮ್ಮನೆ ನಿಲ್ಲುವುದು ಆಗಲಿರಾಯನಿಗೆ ಹೇಳಿ ಮಾಡಿಸಿದ ಕೆಲಸ. ಹುಟ್ಟಿದಾಗಿನಿಂದ ಅದನ್ನೇ ಮಾಡಿದ್ದ. ಅವನು ಹೆಂಡತಿಯ ಕಡೆ ನೋಡಿದ. ಅವಳು ಕೆಮ್ಮಲಿಲ್ಲ.

"ಆಗಲ್ಲ" ಎಂದ ಅವನು.

ತಾನು ಆಡಿದ ಮಾತು ತನ್ನ ಕಿವಿಗೇ ಹೊಸದಾಗಿ ಕೇಳಿಸಿ, ಹಿಂದೆ ಇನ್ಯಾರಾದರೂ ಹೇಳಿದರೇ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಸ್ಟೂಲು ಎಳೆದು ಹತ್ತಿದ.

"ಎಲ್ಲರೂ ಕೇಳಿ. ಮಳೆಗೂ ನನಗೂ ಸಂಬಂಧ ಇಲ್ಲ. ನನಗೆ ಏನೂ ಗೊತ್ತಿಲ್ಲ. ಇದು ಜಾಹೀರಾತು."

ಮಹಡಿಯ ಅಜ್ಜಿಯ ಕಿಟಕಿ ತೆರೆಯಿತು. "ಅವರಪ್ಪನೂ ಹಿಂಗೇ ಅನ್ನೋನು, ನನಗೇನೂ ಗೊತ್ತಿಲ್ಲ ಅಂತ. ದೊಡ್ಡವರ ಲಕ್ಷಣವೇ ಅದು!" ಜನ ಹೌದೆಂದು ತಲೆಯಾಡಿಸಿ ಕೊಡೆಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಮೇಸ್ತ್ರಿ, "ಬೇಗ ಕೊಡಿ ಸ್ವಾಮಿ, ಮೊದಲನೇ ಹನಿ ಬಿದ್ದಂಗಾಯ್ತು" ಎಂದ. ಅದು ಹಗ್ಗದ ಮೇಲೆ ಕೂತಿದ್ದ ಕಾಗೆಯ ಕೃಪೆ.

ಸತ್ಯವನ್ನು ಹೇಳಿದರೆ ಸಾಲದು, ಕೆಲವೊಮ್ಮೆ ಮಡಚಿಯೂ ತೋರಿಸಬೇಕಾಗುತ್ತದೆ. ಆಗಲಿರಾಯ ಕೊಕ್ಕೆಯ ಕೊಡೆಯನ್ನು ತೆಗೆದು ಮಡಚಿದ. ಹಗ್ಗದ ಮೇಲಿನದನ್ನು ಒಂದೊಂದಾಗಿ ಇಳಿಸಿ ಮಡಚಿದ. ಹೆಂಡತಿ ಕೆಳಗೆ ನಿಂತು ಒಂದೊಂದನ್ನೇ ತೆಗೆದುಕೊಂಡು ಒಳಗಿಟ್ಟಳು. ಕೊನೆಯದು ಇಳಿದ ಮೇಲೆ ಬೀದಿಯ ಮೇಲೆ ಬರೀ ಆಕಾಶ ಉಳಿಯಿತು, ನೀಲಿ, ನಿರಪರಾಧಿ. ಆಗ ಜನಕ್ಕೆ ಅರ್ಥವಾಯಿತು.

ಬೈಯುವವರು ಬೈದರು. ಅಟ್ಟದಿಂದ ಡಬ್ಬ ಇಳಿಸುತ್ತ ಬೈದರು, ಹಾಸಿಗೆ ಇಳಿಸುತ್ತ ಬೈದರು. "ಅಪ್ಪ ಒಂದು ಕೊಡೇಲಿ ಗಳಿಸಿದ್ದನ್ನ ಮಗ ಒಂದು ಹಗ್ಗದಲ್ಲಿ ಕಳೆದ" ಎಂದ ಮೇಸ್ತ್ರಿ, ಟಾರ್ಪಾಲು ಸರಿಸುತ್ತ. ಅದೊಂದು ಮಾತು ಆಗಲಿರಾಯನಿಗೆ ನಾಟಿತು. ಅಧಿಕಾರಿಗಳು ಜೀಪಿನ ಬಾನೆಟ್ಟಿನ ಮೇಲೆ ವರದಿ ಬರೆಯಲು ಕೂತು, ಚರಂಡಿ ಹೂಳೆತ್ತಿದ ಕಾರಣವೇನೆಂದು ಬರೆಯಬೇಕೆಂದು ತಿಳಿಯದೆ, ಕೊನೆಗೆ 'ಸಾರ್ವಜನಿಕರ ಹಿತದೃಷ್ಟಿಯಿಂದ' ಎಂದು ಬರೆದು ತಾಯಿಯ ಮನೆಗೆ ಕಾಫಿಗೆ ಹೋದರು. ಲಾಂಡ್ರಿಯವನು ಒದ್ದೆ ಹಾಸುಗಳನ್ನು ಮತ್ತೆ ತಾರಸಿಗೆ ಹೊತ್ತ. ಬಾಮೈದ, "ಮಾರ್ಕೆಟ್ ನಿಮ್ಮನ್ನ ಅರ್ಥ ಮಾಡ್ಕೊಳ್ಳಲಿಲ್ಲ ಭಾವ" ಎಂದು ಬೆನ್ನು ತಟ್ಟಿ ಹೊರಟ.

"ಊಟ ಮಾಡ್ಕೊಂಡು ಹೋಗೋ, ಛತ್ರಿ" ಎಂದಳು ಅಕ್ಕ. ಅವನು ನಿಂತ.

ಸಂಜೆಯಾಯಿತು. ಹೇಳಿದಂತೆಯೇ ಹೆಂಡತಿ ಹಾಲಿನ ಪಾತ್ರೆ ಹಿಡಿದು ಹೋದಳು. ಹೋಗುವ ಮೊದಲು ಗಂಡನ ಅಂಗಿಯ ಮೇಲಿನ ಧೂಳು ಕೊಡವಿದಳು. ಗಾಳಿ ಬಿದ್ದುಹೋಗಿತ್ತು. ಬಾಗಿಲೆದುರಿನ ಬೆಂಚಿನ ಮೇಲೆ ಆಗಲಿರಾಯ ಒಬ್ಬನೇ ಕೂತಿದ್ದ.

ಮಾಲೀಕರು ಬೀದಿಯ ತುದಿಯಿಂದ ನಡೆದು ಬಂದರು. ಬೆಳಿಗ್ಗೆಯಿಂದ ಎಲ್ಲರಂತೆ ಅವರೂ ಓಡಾಡಿದ್ದರು. ತಮ್ಮ ನೆಲಮನೆಯ ಕಡತ, ಕುರ್ಚಿ, ಮುದಿ ಬೆಕ್ಕು ಎಲ್ಲವನ್ನೂ ಮಹಡಿಗೆ ಸಾಗಿಸಿ ಬೆವೆತಿದ್ದರು. ಬೀದಿಯವರೆಲ್ಲ ಕೊಡೆ ಮಡಚಿ ಹೊತ್ತಾಗಿದ್ದರೂ ಅವರು ಮಾತ್ರ ಇನ್ನೂ ಬಿಚ್ಚಿದ ಕೊಡೆಯ ಕೆಳಗೇ ಇದ್ದರು. ಅದರ ಬಟ್ಟೆ ಮಾಸಿ ಕಂದುಬಣ್ಣಕ್ಕೆ ತಿರುಗಿತ್ತು.

"ಏನಪ್ಪ, ಏನಂತೀಯ? ಅಂಗಡಿ ಬಿಡ್ತೀಯಾ?"

"ಆಗಲ್ಲ ಸಾರ್." ಎರಡನೆಯ ಸಲಕ್ಕೆ ಆ ಮಾತು ಅಷ್ಟು ಕಷ್ಟವಾಗಲಿಲ್ಲ.

"ನಡೀದೇ ಇರೋ ಅಂಗಡಿ."

"ಹೌದು ಸಾರ್. ಇವತ್ತು ಅದೂ ಹಾಳಾಯ್ತು. ಆದ್ರೂ ಆಗಲ್ಲ."

ಮಾಲೀಕರು ಬಾಗಿಲ ಮೇಲಿನ ಖಾಲಿ ಕೊಕ್ಕೆಯನ್ನು ನೋಡುತ್ತ ನಿಂತರು. ಬೆಂಚಿನ ಮೇಲೆ ಕೂರಲಿಲ್ಲ.

"ಮಧ್ಯಾಹ್ನ ನಾನೂ ಕೊನೇಲಿ ಬಂದು ಹಿಂದೆ ನಿಂತಿದ್ದೆ. ಮೇಸ್ತ್ರಿ ದುಡ್ಡು ಕೈಲಿ ಹಿಡ್ದು ನಿಂತಿದ್ದ. ನೀನು ಕೊಡೆ ಮಡಚಿದೆ" ಎಂದರು. ತಲೆಯ ಮೇಲಿನ ಕೊಡೆಯತ್ತ ಕಣ್ಣೆತ್ತಿ, "ನಿಮ್ಮಪ್ಪನ ಕೊನೇ ಮಳೆಗಾಲ. ಒಂದಿನ ಸಂಜೆ ಜೋರು ಮಳೆ, ಬಾಡಿಗೆ ಕೇಳೋಕೆ ಬಂದು ಸಿಕ್ಕೊಂಡೆ. ಕೊಡೋ ಕೊಡೆಗಳೆಲ್ಲ ಕೊಟ್ಟು ಖಾಲಿಯಾಗಿತ್ತು. ಆ ಕೊಕ್ಕೇಲಿ ಇದೊಂದು ತೂಗ್ತಿತ್ತು. 'ಇದನ್ನೇ ತಗೊಂಡು ಹೋಗಿ' ಅಂದ್ರು. ನಾಳೆ ಕೊಡ್ತೀನಿ ಅಂದಿದ್ದೆ. ಅವರು ಒಂದು ದಿನಾನೂ ಕೇಳಲಿಲ್ಲ. ನಾನೂ ಕೊಡಲಿಲ್ಲ" ಎಂದರು.

ಆಗಲಿರಾಯ ಎದ್ದು ನಿಂತ. ಆ ಕೊಡೆಯ ದಂಡ ಮರದ್ದು. ಹಿಡಿಗೆ ಕೆಂಪು ದಾರ ಇರಲಿಲ್ಲ. ಅದು ಯಾರಿಗೂ ಕೊಡಲೆಂದು ಇಟ್ಟದ್ದಲ್ಲ.

"ಮೊಬೈಲಿನವನಿಗೆ ಬೇರೆ ಕಡೆ ನೋಡ್ಕೋ ಅಂತ ಹೇಳ್ತೀನಿ. ಆ ಕೊಕ್ಕೆ ಖಾಲಿ ಬಿಡಬೇಡ" ಎಂದರು ಮಾಲೀಕರು. ಕೊಡೆಯನ್ನು ತಲೆಯ ಮೇಲಿಂದ ಇಳಿಸಿ, ಉಂಗುರ ಹಿಡಿದು ಎಳೆದರು. ಮತ್ತೆ ಎಳೆದರು. "ಮಡಚಿ ಕೊಡೋಣ ಅಂದ್ರೆ, ಬೆಳಿಗ್ಗೆ ಸಲೀಸಾಗಿ ಬಿಚ್ಕೊಳ್ತು. ಈಗ ಏನು ಮಾಡಿದ್ರೂ ಜಾರ್ತಾ ಇಲ್ಲ ನೋಡು, ಹಾಳಾದ್ದು ಸಿಕ್ಕೊಂಡಿದೆ."

ಎದುರಿನ ತಾರಸಿಯ ಮೇಲೆ ಲಾಂಡ್ರಿಯವನು ಕೈಯಲ್ಲಿ ಹಾಸು ಹಿಡಿದು ನಿಂತಲ್ಲೇ ನಿಂತ.

ಮಾಲೀಕರು ಬಿಚ್ಚಿದ ಕೊಡೆಯನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದು ಆಗಲಿರಾಯನ ಕೈಗೆ ಕೊಟ್ಟು, ಬರಿತಲೆಯಲ್ಲಿ ಮನೆಯ ಕಡೆ ನಡೆದರು.